ಎರಡನೇ ಕಂತು, ಸೌಮ್ಯ ಹಾಸ್ಯ

ಅವಳಿಗೆ ಹುಷಾರಮ್ಮ ಎಂದು ಹೆಸರಿಟ್ಟವನು ಅವಳ ತಮ್ಮ. ಆಮೇಲೆ ಅದು ಹೇಗೋ ಆಫೀಸಿಗೂ ತಲುಪಿ, ಕಾಫಿ ತರುವವನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತಿತು. ಹೆಸರೇನೂ ಸುಳ್ಳಲ್ಲ. ಮನೆಯಲ್ಲಿ ಕೂತು ಸಿನಿಮಾ, ಸರಣಿ ನೋಡುವವರಿಗೆ ಮೊದಲ ದೃಶ್ಯಕ್ಕೂ ಮುಂಚೆ ಪರದೆಯ ಮೂಲೆಯಲ್ಲಿ ಒಂದು ಸಾಲು ಕಾಣಿಸುತ್ತದಲ್ಲ, 'ಒರಟು ಮಾತು, ಮದ್ಯಪಾನ, ರಕ್ತದ ದೃಶ್ಯಗಳಿವೆ' ಅಂತ, ಆ ಸಾಲು ಬರೆಯುವುದೇ ಅವಳ ಕೆಲಸ. ಸಾಲು ಇರುವುದು ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡಿನಲ್ಲಿ ಜನ ದಿಂಬು ಸರಿಮಾಡಿಕೊಳ್ಳುತ್ತಾರೆ, ಮಕ್ಕಳನ್ನು ಬೈಯುತ್ತಾರೆ, ಓದುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾರೆ. ಹತ್ತೊಂಬತ್ತು ವರ್ಷದಿಂದ ಯಾರೂ ಓದದ ಸಾಲು ಬರೆದೇ ಅವಳು ಅನ್ನ ತಿಂದಿದ್ದಳು, ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ.

ಆ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಪ್ರತಿ ಕಂತನ್ನೂ ಎರಡು ಸಲ ನೋಡಬೇಕು. ಮೊದಲ ಸಲ ಎಲ್ಲರೂ ನೋಡುವ ಹಾಗೆ, ಮಾತು, ಸಂಗೀತ ಎಲ್ಲ ಕೇಳಿಸಿಕೊಂಡು. ಎರಡನೇ ಸಲ ಧ್ವನಿ ಪೂರ್ತಿ ಮುಚ್ಚಿ, ಬರೀ ಚಿತ್ರ. ಅವಳಿಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು: "ಸಂಗೀತ ಅನ್ನೋದು ಹೆಣ್ಣು ಗಂಡು ಕೂಡಿಸೋ ದಲ್ಲಾಳಿ ಇದ್ದ ಹಾಗೆ. ಅದು ಬಾಯಿ ಮುಚ್ಚಿದ ಮೇಲೇನೇ ಗಂಡಿನ ಮುಖ ಸರಿಯಾಗಿ ಕಾಣೋದು." ಎರಡು ಸಲ ನೋಡಿ, ಪ್ರತಿ ಪ್ರಸಂಗಕ್ಕೂ ನಿಮಿಷ, ಸೆಕೆಂಡು ಗುರುತು ಹಾಕಿ, ಅಚ್ಚಾದ ಪಟ್ಟಿಯಿಂದ ಒಂದು ಪದ ಆರಿಸಿ ಬರೆದು ರುಜು ಹಾಕಬೇಕು. ಪಟ್ಟಿಯಲ್ಲಿ ನಲವತ್ತೊಂದು ಪದಗಳು. ಸ್ವಂತ ಪದ ಬರೆಯುವಂತಿಲ್ಲ. ರುಜುವಿನ ಮೇಲ್ಗಡೆ ಎರಡು ಸಾಲು ಮೊದಲೇ ಅಚ್ಚಾಗಿರುತ್ತವೆ: 'ನಾನು ಇದನ್ನು ಎರಡು ಬಾರಿ ನೋಡಿದ್ದೇನೆ. ಇದರಲ್ಲಿ ಕಾಣಿಸುವ ಯಾರೂ ನನ್ನ ಸಂಬಂಧಿಕರಲ್ಲ.'

ಫುಟ್‌ಬಾಲ್ ಕ್ಲಬ್ಬಿನ ಆ ಸಾಕ್ಷ್ಯಚಿತ್ರ ಸರಣಿ ಬಂದಾಗ ಹುಷಾರಮ್ಮ ಎರಡೂ ಸಾಲಿಗೆ ಸುಳ್ಳು ರುಜು ಹಾಕಿದಳು.

ಯಾಕೆಂದರೆ ಆ ಕ್ಲಬ್ಬಿನಲ್ಲಿ ಗೋಲಿನ ಮುಂದೆ ನಿಂತು, ಬಂದ ಚೆಂಡನ್ನೆಲ್ಲ ತಲೆಯಿಂದ ಬಡಿದು ಆಚೆ ಕಳಿಸುವವನು ಅವಳ ತಮ್ಮ. ಅಭಿಮಾನಿಗಳು ಅವನನ್ನು ಗೋಡೆ ಅಂತ ಕರೆಯುತ್ತಿದ್ದರು. ಹದಿಮೂರು ವರ್ಷ ಆಡಿದವನ ಬಗ್ಗೆ ಕೊನೆಗೂ ಒಂದು ಚಿತ್ರ ಬಂದಿದೆ, ಅದನ್ನು ಊರಿಗಿಂತ ಮೊದಲು ಅಕ್ಕ ನೋಡುವುದು ಬೇಡವೇ? ಸಂಬಂಧ ಇದೆ ಎಂದರೆ ಫೈಲು ಪಕ್ಕದ ಮೇಜಿಗೆ ಹೋಗುತ್ತಿತ್ತು. ಅವನು ಅವಳ ತಮ್ಮ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಸೆ ಹೆಚ್ಚಾಯಿತು, ಹೇಳಲಿಲ್ಲ. ಧ್ವನಿ ಮುಚ್ಚಿ ನೋಡಲೂ ಮನಸ್ಸಾಗಲಿಲ್ಲ. ತಮ್ಮನ ಮಾತು, ಅವನ ನಗು, ಜನ ಅವನ ಹೆಸರು ಕೂಗುವುದು ಕೇಳಿಸದಿದ್ದರೆ ಅದೇನು ನೋಡುವುದು? ಮೊದಲ ಮೂರು ಕಂತನ್ನು ಒಂದೊಂದೇ ಸಲ, ಹಬ್ಬದೂಟ ಉಂಡ ಹಾಗೆ ನೋಡಿ ಮುಗಿಸಿದಳು.

ಎರಡನೇ ಕಂತಿನಲ್ಲಿ ಒಂದು ಕಡೆ ಅವಳು ಗಟ್ಟಿಯಾಗಿ ನಕ್ಕಿದ್ದಳು. ತಲೆಗೆ ತಲೆ ಡಿಕ್ಕಿಯಾಗಿ ತಮ್ಮ ಬೀಳುತ್ತಾನೆ. ಕ್ಲಬ್ಬಿನ ಡಾಕ್ಟರು ಓಡಿಬಂದು ಕೈಯಲ್ಲಿದ್ದ ಹಾಳೆ ನೋಡುತ್ತ ಐದು ಪ್ರಶ್ನೆ ಕೇಳುತ್ತಾರೆ. ಇದು ಯಾವ ಮೈದಾನ, ಇವತ್ತು ಯಾವ ವಾರ, ಹೋದ ಪಂದ್ಯ ಯಾರ ಜೊತೆ, ಗೆದ್ದಿರೋ ಸೋತಿರೋ, ಕೊನೇ ಗೋಲು ಯಾರದು. ತಮ್ಮ ಅಂಗೈ ನೋಡಿಕೊಂಡು, ಪರೀಕ್ಷೆಯಲ್ಲಿ ನಕಲು ಹೊಡೆಯುವ ಹುಡುಗನ ಥರ ಒಂದೊಂದೇ ಉತ್ತರ ಹೇಳುತ್ತಾನೆ. ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಾರೆ. ಹಿನ್ನೆಲೆಯಲ್ಲಿ ಪೀಪಿ, ಡೋಲು. ಹುಷಾರಮ್ಮ ಕಣ್ಣೊರೆಸಿಕೊಂಡು ಬರೆದಳು: 'ಕಂತು ಎರಡು, ಇಪ್ಪತ್ತಾರನೇ ನಿಮಿಷ. ಸೌಮ್ಯ ಹಾಸ್ಯ. ಎಚ್ಚರಿಕೆ ಬೇಕಿಲ್ಲ.'

ನಾಲ್ಕನೇ ಕಂತು ಸೋಮವಾರ ಬಂತು. ಶುಕ್ರವಾರ ಆರೂ ಕಂತು ಒಟ್ಟಿಗೆ ಜನರ ಮುಂದೆ ಬರಬೇಕು, ಶನಿವಾರ ಕ್ಲಬ್ಬಿನ ಫೈನಲ್ ಪಂದ್ಯ. ಆ ಗಡಿಬಿಡಿಯಲ್ಲಿ ಕಳಿಸಿದವರು ಧ್ವನಿ ಸೇರಿಸುವುದನ್ನೇ ಮರೆತಿದ್ದರು. ಸರಿ, ಮೊದಲು ಮೂಕಿಯಾಗಿಯೇ ನೋಡೋಣ ಎಂದು ಅವಳು ಕುರ್ಚಿ ಎಳೆದುಕೊಂಡಳು.

ಬಟ್ಟೆ ಬದಲಿಸುವ ಕೋಣೆ. ಕ್ಯಾಮೆರಾ ಇರುವುದು ತರಬೇತುದಾರನ ಮೇಲೆ. ಹಿಂದುಗಡೆ, ಮಬ್ಬಾಗಿ, ತಮ್ಮ ಬೆಂಚಿನ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಾನೆ. ಕಟ್ಟಿದ. ಒಂದು ಕ್ಷಣ ನೋಡಿದ. ಬಿಚ್ಚಿದ. ಮತ್ತೆ ಕಟ್ಟಿದ. ಬಿಚ್ಚಿದ. ತರಬೇತುದಾರ ಕೈ ಬೀಸಿ ಬೀಸಿ ಮಾತಾಡುತ್ತಲೇ ಇದ್ದ, ತಮ್ಮ ಅದೇ ಬೂಟಿನ ದಾರವನ್ನು ಆರು ಸಲ ಕಟ್ಟಿದ. ಆಮೇಲೆ ಎದ್ದು ಬಾಗಿಲ ಕಡೆ ಹೋಗದೆ ಸ್ನಾನದ ಕೋಣೆಯ ಕಡೆ ಹೊರಟ. ಕ್ಯಾಪ್ಟನ್ ಅವನ ಕಡೆ ತಿರುಗಿಯೂ ನೋಡದೆ ಭುಜಕ್ಕೆ ಕೈ ಹಾಕಿ, ದಿನಾ ಮಾಡುವ ಕೆಲಸ ಎಂಬಂತೆ, ಸರಿಯಾದ ಬಾಗಿಲಿಗೆ ತಿರುಗಿಸಿದ.

ಅವಳು ನಾಲ್ಕನೆಯದನ್ನು ಅಲ್ಲಿಗೇ ನಿಲ್ಲಿಸಿದಳು. ಕೈ ತಾನಾಗಿ ಹಳೆಯ ಕಂತುಗಳ ಕಡೆ ಹೋಯಿತು. ಧ್ವನಿ ಮುಚ್ಚಿದಳು, ಮೊದಲಿನಿಂದ ನೋಡಿದಳು. ಒಂದನೇ ಕಂತಿನಲ್ಲಿ ಅವನು ಬಿದ್ದೆದ್ದು ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತಿದ್ದ. ಮೂರನೆಯದರಲ್ಲಿ ತನ್ನ ಕಾರು ಪಕ್ಕದಲ್ಲೇ ಇದ್ದರೂ ಬೇರೆಯವರ ಕಾರಿಗೆ ಕೀಲಿ ಹಾಕುತ್ತಿದ್ದ. ಎರಡನೆಯದರ ಇಪ್ಪತ್ತಾರನೇ ನಿಮಿಷಕ್ಕೆ ಬಂದಾಗ ಅವಳು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದಳು. ಪೀಪಿ ಇಲ್ಲ, ಡೋಲಿಲ್ಲ, ನಗುವಿಲ್ಲ. ಮೂವತ್ತೈದು ವರ್ಷದ ಗಂಡಸೊಬ್ಬ ಹುಲ್ಲಿನ ಮೇಲೆ ಕೂತು, ಬೆವರಿಗೆ ಕಲಸಿಹೋದ ಅಕ್ಷರಗಳನ್ನು ಅಂಗೈಯಲ್ಲಿ ಹುಡುಕುತ್ತಿದ್ದ. ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಅವನು ಹೆದರಿದ್ದ. ಊರಿನವರ ಮನೆಗೆಲ್ಲ ಎಚ್ಚರಿಕೆ ಹಂಚುವವಳಿಗೆ ಸ್ವಂತ ತಮ್ಮನ ಮುಖ ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಮಂಗಳವಾರ ಆಟಗಾರರಿಗೆ ರಜೆ. ಹನ್ನೊಂದು ವರ್ಷದಿಂದ ತಮ್ಮ ಪ್ರತಿ ಮಂಗಳವಾರ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಅವತ್ತು ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಅವಳು ಬಾಗಿಲು ತೆಗೆದು ಮೆಟ್ಟಿಲ ಬಳಿ ಬಗ್ಗಿ ನೋಡಿದಳು. ಎರಡನೇ ಮಹಡಿಯ ಹೊಸ್ತಿಲ ಮುಂದೆ ತಮ್ಮ ನಿಂತಿದ್ದ. ಬೆಲ್ ಒತ್ತಿರಲಿಲ್ಲ. ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದ.

"ಮೇಲೆ ಕಣೋ," ಎಂದಳು, ಆದಷ್ಟು ಸಾಧಾರಣವಾಗಿ.

"ಗೊತ್ತು ಬಿಡು, ಉಸಿರು ತಗೊಳ್ತಿದ್ದೆ. ವಯಸ್ಸಾಯ್ತು," ಎಂದು ನಗುತ್ತ ಹತ್ತಿ ಬಂದ.

ಅವನು ಕೈ ತೊಳೆಯುವ ಮುಂಚೆ ಅವಳು ಅಂಗೈ ಹಿಡಿದು ನೋಡಿದಳು. ನೀಲಿ ಶಾಯಿಯಲ್ಲಿ ಬರೆದಿತ್ತು: 'ಅಕ್ಕ. ಮೂರನೇ ಮಹಡಿ. ಎಡಗಡೆ.'

ಅವನು ಕೈ ಎಳೆದುಕೊಂಡು ಊಟಕ್ಕೆ ಕೂತ. ಚೆನ್ನಾಗಿಯೇ ಉಂಡ, ತಂಡದ ಸುದ್ದಿ ಹೇಳಿದ, ತರಬೇತುದಾರನ ನಡಿಗೆಯನ್ನು ಅಣಕಿಸಿ ತೋರಿಸಿದ. ಒಂದು ಗಳಿಗೆ ಅವಳಿಗೆ ತನ್ನ ಕಣ್ಣೇ ತಪ್ಪು ನೋಡಿತೇನೋ ಅನ್ನಿಸಿತು. ತಟ್ಟೆ ಎತ್ತುವಾಗ ಅವನು ಹೇಳಿದ, "ಅಕ್ಕಾ, ಅಮ್ಮಂಗೂ ಒಂದು ಡಬ್ಬಿಗೆ ಹಾಕ್ಕೊಡು. ಹೋಗ್ತಾ ಕೊಟ್ಟು ಹೋಗ್ತೀನಿ."

ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹೆಗಲು ಕೊಟ್ಟವನು ಇವನೇ.

ಡಬ್ಬಿಗೆ ಕೈ ಹಾಕದೆ ಅವಳು ಅವನನ್ನೇ ನೋಡಿದಳು. ಅವನ ಮುಖದಲ್ಲಿ ಏನೋ ನಿಧಾನವಾಗಿ ತಿರುಗಿ, ಸರಿಯಾದ ಜಾಗಕ್ಕೆ ಬಂದು ಕೂತದ್ದು ಅವಳಿಗೆ ಕಂಡಿತು. ಅವನು ತಟ್ಟೆಯನ್ನು ಮತ್ತೆ ಮೇಜಿನ ಮೇಲಿಟ್ಟ.

"ಶನಿವಾರ ಒಂದು ದಿನ ಅಕ್ಕಾ," ಎಂದ. "ಅದೊಂದು ಮುಗೀಲಿ. ಆಮೇಲೆ ನೀನು ಯಾವ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರೂ ಬರ್ತೀನಿ."

"ಶನಿವಾರ ಇನ್ನೊಂದು ಏಟು ಬಿದ್ರೆ?"

"ಹದಿಮೂರು ವರ್ಷದಿಂದ ಬೀಳ್ತಾನೇ ಇದೆಯಲ್ಲ."

"ಅದಕ್ಕೇ ಕೇಳ್ತಿರೋದು."

"ಆ ಡಾಕ್ಟ್ರು ಕೇಳೋದು ಐದೇ ಪ್ರಶ್ನೆ. ಯಾವಾಗ್ಲೂ ಅವೇ ಐದು. ಕ್ಯಾಪ್ಟನ್ ಉತ್ತರ ಬರ್ಕೊಡ್ತಾನೆ." ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹೇಳಿದ, "ಮೈದಾನದೊಳಗೆ ನಂಗೆ ಏನೂ ಮರೆಯಲ್ಲ. ಚೆಂಡು ಎಲ್ಲಿ ಬೀಳತ್ತೆ ಅಂತ ಕಾಲಿಗೇ ಗೊತ್ತು. ಹೊರಗಡೆ ಬಂದ್ರೇನೇ ಕಷ್ಟ. ಅಲ್ಲಿಂದ ನನ್ನ ಹೊರಗಡೆ ಕಳಿಸ್ಬೇಡ."

ಚಿಕ್ಕಂದಿನಲ್ಲಿ ಅವನನ್ನು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ಅಳು ನಿಲ್ಲಿಸಲು ಅವನ ಮುಷ್ಟಿಯೊಳಗೆ ಒಂದು ಮಿಠಾಯಿ ಇಟ್ಟು, "ಗಂಟೆ ಹೊಡೆಯೋವರೆಗೂ ಬಿಚ್ಬೇಡ" ಅನ್ನುತ್ತಿದ್ದಳು. ಅವನು ಬಿಚ್ಚುತ್ತಿರಲಿಲ್ಲ. ಗಂಟೆ ಹೊಡೆಯುವಷ್ಟರಲ್ಲಿ ಮಿಠಾಯಿ ಕರಗಿ ಬೆರಳೆಲ್ಲ ಅಂಟಂಟು. ಅಕ್ಕನ ಮಾತು ಅಂದರೆ ಅವನಿಗೆ ಅಷ್ಟು ನಂಬಿಕೆ. ಅವನು ಹೋದ ಮೇಲೆ ಅದೇ ನೆನಪಾಗಿ ಅವಳು ತೊಳೆಯದ ಪಾತ್ರೆಗಳ ಮುಂದೆ ನಿಂತು ಅತ್ತಳು. ಅವನನ್ನು ಬಿಟ್ಟು ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ.

ಬುಧವಾರ ಅವಳು ಪಟ್ಟಿಯ ನಲವತ್ತೊಂದು ಪದಗಳನ್ನೂ ಓದಿದಳು. ರಕ್ತ ಇತ್ತು, ಬೈಗುಳ ಇತ್ತು, ಹೊಗೆ ಇತ್ತು, ಹಾವು ಕೂಡ ಇತ್ತು. ಮನುಷ್ಯನೊಬ್ಬ ಎಲ್ಲರ ಕಣ್ಣೆದುರಿಗೆ ಸ್ವಲ್ಪ ಸ್ವಲ್ಪವೇ ಅಳಿಸಿಹೋಗುವುದಕ್ಕೆ ಪದ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಸ್ವಂತ ಸಾಲು ಬರೆದಳು: 'ಈ ಸರಣಿಯಲ್ಲಿ ತಲೆಗೆ ಪೆಟ್ಟು ಬಿದ್ದು ನೆನಪು ಕಳೆದುಕೊಳ್ಳುತ್ತಿರುವ ಆಟಗಾರನೊಬ್ಬನಿದ್ದಾನೆ. ಸುತ್ತಲಿನವರು ನಗುತ್ತಾರೆ.' ಕೆಳಗೆ, ತಾನು ಅವನ ಅಕ್ಕ, ಮೂರು ಕಂತನ್ನು ಒಂದೊಂದೇ ಸಲ ನೋಡಿ ಸುಳ್ಳು ರುಜು ಹಾಕಿದ್ದೇನೆ ಎಂದೂ ಬರೆದು ಮುಖ್ಯಸ್ಥರ ಮುಂದಿಟ್ಟಳು.

ಮುಖ್ಯಸ್ಥರು ಕೆಟ್ಟವರೇನಲ್ಲ, ಹೆದರುವ ಮನುಷ್ಯ. ಎರಡು ಸಲ ಓದಿದರು, ಕನ್ನಡಕ ತೆಗೆದರು.

"ಅಲ್ಲಮ್ಮ, ಅಕ್ಕ ಅಂದ ಮೇಲೆ ನಿಮ್ಮ ಬರಹ ಲೆಕ್ಕಕ್ಕೇ ಬರಲ್ವಲ್ಲ. ನಿಯಮ ಮಾಡಿದ್ದೇ ಅದಕ್ಕೆ."

"ಹಾಗಾದ್ರೆ ಬೇರೆಯವರ ಹತ್ರ ನೋಡಿಸಿ, ಸಾರ್. ಧ್ವನಿ ಮುಚ್ಚಿ ನೋಡಿಸಿ."

"ನಾಡಿದ್ದು ಬಿಡುಗಡೆ. ಆರು ಕಂತು. ಯಾರಿಗಿದೆ ಪುರುಸೊತ್ತು?" ಅವಳ ಹಾಳೆಯನ್ನು ಡ್ರಾಯರಿನೊಳಗೆ ಹಾಕಿದರು. "ನಿಮ್ಮ ಹಳೇ ಷರಾನೇ ಇರಲಿ. ನೀವು ಸ್ವಲ್ಪ ದಿನ ಮನೇಲಿರಿ. ವಿಚಾರಣೆ ಏನೂ ಬೇಡ ಅಂತ ನಾನೇ ನೋಡ್ಕೊತೀನಿ."

ಸುಳ್ಳು ರುಜು ಹಾಕಿದಾಗ ಅವಳ ಮಾತು ಕಲ್ಲಿನ ಮೇಲೆ ಕೊರೆದ ಹಾಗೆ ನಿಂತಿತ್ತು. ನಿಜ ಹೇಳಿದ ದಿನವೇ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲದಂತಾಯಿತು.

ಗುರುವಾರ ಬೆಳಗಿನಿಂದ ಕ್ಲಬ್ಬಿಗೆ ಫೋನು ಹಚ್ಚಿದಳು. ಡಾಕ್ಟರು ತಂಡದ ಜೊತೆ ಇದ್ದಾರೆ, ಸಿಗುವುದಿಲ್ಲ ಎಂದರು. ಎಂಟನೇ ಸಲಕ್ಕೆ ಮ್ಯಾನೇಜರ್ ಲೈನಿಗೆ ಬಂದ. ಸಕ್ಕರೆಯಂಥ ದನಿ. ಅವಳು ಎಲ್ಲವನ್ನೂ ಹೇಳಿದಳು: ಅಂಗೈ, ಐದು ಪ್ರಶ್ನೆ, ಅಮ್ಮನ ಡಬ್ಬಿ. ಅವನು ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡ.

"ಮೇಡಂ, ಫೈನಲ್ ವಾರದಲ್ಲಿ ಎಲ್ಲರ ಮನೆಯವರಿಗೂ ಹೀಗೇ ಆಗತ್ತೆ," ಎಂದ. "ಅಂಗೈ ನೋಡ್ಕೊಳ್ಳೋದು ಅವನ ಹಳೇ ಚೇಷ್ಟೆ. ಸರಣೀಲೂ ಇದೆ. ನಿಮ್ಮ ಆಫೀಸಿನೋರೇ ನೋಡಿ ಬರೆದುಕೊಟ್ಟಿದಾರೆ, ಇಲ್ಲೇ ಇದೆ ನನ್ನ ಹತ್ರ. ಎರಡನೇ ಕಂತು, ಇಪ್ಪತ್ತಾರನೇ ನಿಮಿಷ, ಸೌಮ್ಯ ಹಾಸ್ಯ. ಎಚ್ಚರಿಕೆ ಬೇಕಿಲ್ಲ. ಕೆಳಗೆ ರುಜು ಬೇರೆ ಇದೆ."

ಹುಷಾರಮ್ಮ ಫೋನು ಕೆಳಗಿಟ್ಟಳು. ಮಾಡಿದ್ದುಣ್ಣೋ ಮಹರಾಯ. ಆದರೆ ಮಾಡಿದವಳು ಒಬ್ಬಳು, ಉಣ್ಣುವವನು ಇನ್ನೊಬ್ಬ. 

ಶುಕ್ರವಾರ ಸರಣಿ ಬಂತು. ಆ ದೃಶ್ಯವನ್ನು ಕತ್ತರಿಸಿ ಜನ ಊರೆಲ್ಲ ಹಂಚಿದರು. ಬಸ್ಸಿನಲ್ಲಿ ಅವಳ ಪಕ್ಕ ಕೂತ ಹೆಂಗಸೊಬ್ಬಳು ಫೋನಿನಲ್ಲಿ ಅದನ್ನೇ ಮೂರು ಸಲ ನೋಡಿ ನಕ್ಕಳು. ಬಸ್ಸು ಇಳಿಯುವವರೆಗೂ ಪೀಪಿ, ಡೋಲು ಹುಷಾರಮ್ಮನ ಕಿವಿಗೆ ಬೀಳುತ್ತಿದ್ದವು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಅವಳು ಮೈದಾನದಲ್ಲಿದ್ದಳು. ಪಂದ್ಯ ಮೂರು ಗಂಟೆಗೆ. ಮನೆಯವರು ಹನ್ನೊಂದೂವರೆವರೆಗೆ ಒಳಗೆ ಬಂದು ಆಟಗಾರರನ್ನು ನೋಡಬಹುದು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗಿನ ಉದ್ದನೆಯ ಓಣಿಯಂಥ ಜಾಗ, ಬಿಳಿ ಟೈಲ್ಸು, ನೋವಿನ ಎಣ್ಣೆಯ ವಾಸನೆ, ಗೋಡೆಗೆ ಒರಗಿಸಿದ ಐಸಿನ ಪೆಟ್ಟಿಗೆಗಳು. ಡಾಕ್ಟರ ಕೋಣೆಯ ಮುಂದೆ ಒಂದು ಮರದ ಬೆಂಚು. ಪಂದ್ಯದ ದಿನ ಬೆಳಿಗ್ಗೆ ಡಾಕ್ಟರು ಒಬ್ಬೊಬ್ಬರನ್ನೇ ಕರೆದು ನೋಡಿ, ಆಡಬಹುದು ಎಂದು ಬರೆದುಕೊಡಬೇಕು. ಅವಳು ಬಾಗಿಲ ಬಳಿ ಹೋಗಿದ್ದಳು. ಕಾವಲಿನವನು, ಮನೆಯವರಿಗೆ ಪ್ರವೇಶವಿಲ್ಲ, ಬೆಂಚಿನ ಮೇಲೆ ಕೂತುಕೊಳ್ಳಿ ಎಂದ.

ತಮ್ಮ ಬಂದು ಪಕ್ಕ ಕೂತ. ತಂಡದ ನೀಲಿ ಕೋಟು, ನುಣ್ಣಗೆ ಬೋಳಿಸಿದ ಗಡ್ಡ. ಹಣೆಯ ಮೇಲೆ ಹಳೆಯ ಹೊಲಿಗೆಯ ಗುರುತು.

"ಒಳ್ಳೇದಾಯ್ತು ಬಂದೆ," ಎಂದು ಪಿಸುಗುಟ್ಟಿದ. "ಕ್ಯಾಪ್ಟನ್ ಟೀವಿಯೋರ ಹತ್ರ ಸಿಕ್ಕಾಕೊಂಡಿದಾನೆ. ಅವನ ಚೀಟಿ ಇದೆ, ಇದನ್ನ ನನ್ನ ಕೈ ಮೇಲೆ ಬರೆದುಬಿಡು. ನಾನೇ ಬರ್ಕೊಂಡ್ರೆ ನಂಗೇ ಓದಕ್ಕಾಗಲ್ಲ. ನಿನ್ನ ಅಕ್ಷರ ದುಂಡಗಿರತ್ತೆ."

ಚೀಟಿಯಲ್ಲಿ ಐದು ಉತ್ತರಗಳಿದ್ದವು. ಅವನು ಅಳಿಸದ ಶಾಯಿಯ ಪೆನ್ನು ಕೊಟ್ಟು, ಬಲಗೈ ಅವಳ ತೊಡೆಯ ಮೇಲಿಟ್ಟು, ಆಚೆ ಓಡಾಡುವವರು ನೋಡದಿರಲಿ ಎಂದು ಮುಖ ಆ ಕಡೆ ತಿರುಗಿಸಿ ಕೂತ.

ಅವಳು ಆ ಕೈಯನ್ನು ನೋಡಿದಳು. ದೊಡ್ಡ ಕೈ, ಆದರೆ ಬೆರಳ ತುದಿಗಳು ಇನ್ನೂ ಚಿಕ್ಕಂದಿನವೇ. ಪೆನ್ನಿನ ಮುಚ್ಚಳ ತೆಗೆದಳು. ಹತ್ತೊಂಬತ್ತು ವರ್ಷ ಬರೆದ ಅಭ್ಯಾಸದಲ್ಲಿ, ಒಂದು ಪದವೂ ಹೆಚ್ಚಿಲ್ಲದೆ, ನಿಧಾನವಾಗಿ, ದುಂಡಗೆ ಬರೆದಳು. ಶಾಯಿ ಆರಲು ಊದಿದಳು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದಳು.

"ಡಾಕ್ಟ್ರು ಕೇಳೋವರೆಗೂ ಬಿಚ್ಬೇಡ," ಎಂದಳು.

ಅವನು ನಕ್ಕ. "ಮಿಠಾಯಿ ಇಟ್ಟಿದೀಯಾ?" ಎಂದು ಕೇಳಿದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮುಷ್ಟಿ ಬಿಗಿಹಿಡಿದುಕೊಂಡೇ ಎದ್ದು ಹೋದ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೊದಲ ಪ್ರಶ್ನೆಗೆ ಅವನು ತಕ್ಷಣ ಉತ್ತರ ಕೊಟ್ಟ. ಎರಡನೆಯದಕ್ಕೂ ಕೊಟ್ಟ, ಇಡೀ ಊರೇ ಶನಿವಾರ ಶನಿವಾರ ಅಂತ ಕೂಗುತ್ತಿತ್ತಲ್ಲ. ಮೂರನೆಯದು, ಹೋದ ಪಂದ್ಯ ಯಾರ ಜೊತೆ. ಒಳಗೆ ಮಾತು ನಿಂತಿತು. ಆ ಮೌನದಲ್ಲಿ ಮುಷ್ಟಿ ಬಿಚ್ಚುತ್ತಿದೆ ಎಂದು ಅವಳಿಗೆ ನೋಡದೆಯೂ ಗೊತ್ತಾಯಿತು. ಎದ್ದು ಓಡಿಹೋಗಿ ತಡೆಯಬೇಕು ಅನ್ನಿಸಿತು. ಬೆಂಚಿನ ಅಂಚು ಹಿಡಿದು ಕೂತೇ ಇದ್ದಳು.

ಆಮೇಲೆ ತಮ್ಮನ ದನಿ ಕೇಳಿಸಿತು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವ ಹಾಗೆ, ಅರ್ಥ ತಲೆಗೆ ಹೋಗುವ ಮುಂಚೆಯೇ ಪದಗಳನ್ನು ಒಂದೊಂದಾಗಿ ಬಿಡಿಸಿ ಓದಿದ:

"ಇವನಿಗೆ... ನೆನಪು ಹೋಗುತ್ತಿದೆ. ಇವನನ್ನು... ಆಡಿಸಬೇಡಿ."

ಕುರ್ಚಿ ಸರಿದ ಸದ್ದಾಯಿತು. "ಕೈ ತೋರ್ಸಿ," ಎಂದರು ಡಾಕ್ಟರು.  ಆಮೇಲೆ ಡಾಕ್ಟರು ಆ ಹಾಳೆಯಲ್ಲಿ ಇಲ್ಲದ ಪ್ರಶ್ನೆಗಳನ್ನು ಕೇಳತೊಡಗಿದರು. ಬೇರೆ ದನಿ, ಮೆತ್ತಗಿನ ದನಿ. ಮನೆಯಲ್ಲಿ ಯಾರಿದ್ದಾರೆ, ಬೆಳಿಗ್ಗೆ ಏನು ತಿಂದಿರಿ, ಇಲ್ಲಿಗೆ ಹೇಗೆ ಬಂದಿರಿ. ಒಂದಕ್ಕೂ ಉತ್ತರ ಕೇಳಿಸಲಿಲ್ಲ. ಮ್ಯಾನೇಜರ್ ಓಡುತ್ತ ಬಂದು ಒಳಗೆ ಹೋದ, ಜಗಳದ ಮಾತು ಕೇಳಿಸಿತು. ಡಾಕ್ಟರು ಒಂದೇ ಮಾತನ್ನು ಮೂರು ಸಲ ಹೇಳಿದರು: "ನಾನು ರುಜು ಹಾಕಲ್ಲ."

ಅವಳು ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದಳು. ಇನ್ನು ಈ ಜನ್ಮದಲ್ಲಿ ಮಂಗಳವಾರದ ಊಟ ಇಲ್ಲ, ಅವನು ತನ್ನ ಮುಖ ನೋಡುವುದಿಲ್ಲ, ಜೀವ ಉಳಿದರೆ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ತಮ್ಮ ಹೊರಗೆ ಬಂದ. ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಿದ್ದ. ಅವಳ ಪಕ್ಕ, ಮೊದಲಿದ್ದ ಜಾಗದಲ್ಲೇ ಕೂತ. ಮುಖದಲ್ಲಿ ಸಿಟ್ಟು ಇರಲಿಲ್ಲ.

"ಅಕ್ಕಾ," ಎಂದು ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದ. "ಯಾರೋ ನನ್ನ ಕೈ ಮೇಲೆ ಏನೋ ಬರೆದುಬಿಟ್ಟಿದಾರೆ ನೋಡು. ನೀನು ಇಲ್ಲೇ ಕೂತಿದ್ಯಲ್ಲ. ಯಾರು ಅಂತ ನೋಡಿದ್ಯಾ?"

 "ನಾನೇ ಕಣೋ," ಎಂದಳು. "ನಾನೇ ಬರೆದೆ."

ಅವನು ಅವಳ ಮುಖ ನೋಡಿದ, ಆಮೇಲೆ ದುಂಡನೆಯ ಅಕ್ಷರಗಳನ್ನು ನೋಡಿದ. ಹತ್ತು ನಿಮಿಷದ ಹಿಂದೆ ಊದಿ ಆರಿಸಿದ ಶಾಯಿ.

"ಯಾವಾಗ?" ಎಂದು ಕೇಳಿದ.